ಪುಟ್ಟಿಯ ಮಂಡಿಯ ವಿಷಯವಾಗಿ ಅಪ್ಪನಿಗೆ ಬರೆದದ್ದು

ನ್ಯೂಕ್ಯಾಸಲ್
10 ಆಗಸ್ಟ್ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಹಿರಿಯ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಇಲ್ಲಿ ನಾನು, ನಿಮ್ಮ ಅಳಿಯ, ಚಿನ್ನು ಎಲ್ಲರೂ ಕ್ಷೇಮ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪತ್ರ ಗುರುವಾರ ಕೈಸೇರಿತು. ವಾರಕ್ಕೆರಡು ಬಾರಿ ಫೋನಿನಲ್ಲಿ ಮಾತನಾಡಿದರೂ ಹೇಳಿಕೊಳ್ಳಲಾಗದ್ದನ್ನು ನಾಲ್ಕು ಪುಟ ಬರೆದು ಕಳಿಸಿದ್ದೀರಿ ಎಂದರೆ ನಿಮ್ಮ ಮನಸ್ಸಿಗೆ ಎಷ್ಟು ಸಂಕಟವಾಗಿರಬೇಕು ಎಂದು ಊಹಿಸಬಲ್ಲೆ. ಫುಟ್‌ಬಾಲ್ ಆಡುವ ನಮ್ಮ ತಂಗಿ ಪುಟ್ಟಿಯ ಮಂಡಿಯ ಲಿಗಮೆಂಟ್ ಹರಿದಿದೆ, ಮುಂದಿನ ತಿಂಗಳು ಆಪರೇಷನ್ ಆಗಬೇಕು ಎಂಬುದನ್ನು ಅವಳೇ ನನಗೆ ತಿಳಿಸಿದ್ದಳು. ಆದರೆ "ಹೆಣ್ಣುಮಗಳ ಕಾಲು ಹೋದರೆ ಬಾಳೇ ಹೋದಂತೆ, ಇನ್ನು ಆ ಚೆಂಡನ್ನು ಮನೆಯೊಳಗೆ ತರಕೂಡದು ಎಂದು ಹೇಳಿಬಿಟ್ಟೆ" ಎಂದು ನೀವು ಬರೆದ ಸಾಲನ್ನು ಓದಿದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದ್ದರಿಂದ ನಾನೂ ಫೋನು ಬಿಟ್ಟು ಬರೆದೇ ಉತ್ತರ ಕೊಡುತ್ತಿದ್ದೇನೆ. ದಯವಿಟ್ಟು ಅಮ್ಮನಿಗೂ ಓದಿ ಹೇಳಿ.

ಮೊದಲನೆಯದಾಗಿ, ಪುಟ್ಟಿಯ ಕಾಲು ಹೋಗಿಲ್ಲ. ಎಸಿಎಲ್ ಎಂದು ಡಾಕ್ಟರು ಹೇಳಿದ್ದು, ತೊಡೆಯ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಮಂಡಿಯ ನಡುವೆ ಹಿಡಿದಿಡುವ ಒಂದು ಕಟ್ಟನ್ನು. ಓಡುತ್ತಿರುವಾಗ ಪಾದ ನೆಲದಲ್ಲಿ ಊರಿಕೊಂಡಿದ್ದು, ಮೈ ಬೇರೆ ಕಡೆಗೆ ತಿರುಗಿದರೆ ಅದು ಹರಿಯಬಹುದು. ಯಾರೂ ಒದೆಯಬೇಕಾಗಿಲ್ಲ, ಯಾರೂ ತಳ್ಳಬೇಕಾಗಿಲ್ಲ. ಗಂಡಸರಿಗಿಂತ ಹೆಣ್ಣುಮಕ್ಕಳಿಗೆ ಇದು ಹೆಚ್ಚಾಗಿ ಆಗುತ್ತದೆ ಎಂಬುದು ನಿಜ. ಹಾಗೆಂದು ಪುಟ್ಟಿ ಏನೋ ತಪ್ಪು ಮಾಡಿದ್ದಕ್ಕೆ ಹೀಗಾಯಿತು ಎಂದು ಅಮ್ಮ ಅವಳನ್ನು ಬೈಯುವುದು ಬೇಡ. ಅವಳದೇ ತೊಡೆಯ ಹಿಂಭಾಗದಿಂದ ಅಥವಾ ಮಂಡಿಚಿಪ್ಪಿನ ಕೆಳಗಿನಿಂದ ಒಂದು ಎಳೆಯನ್ನು ತೆಗೆದು, ಹರಿದ ಕಟ್ಟಿನ ಜಾಗದಲ್ಲಿ ಕೂರಿಸುತ್ತಾರೆ. ನಾನು ಕೆಲಸ ಮಾಡುವ ವಾರ್ಡಿಗೆ ಇಂಥ ಮಂಡಿಗಳು ವಾರ ವಾರವೂ ಬರುತ್ತವೆ, ಎದ್ದು ನಡೆದು ಹೋಗುತ್ತವೆ. ಇದನ್ನು ನಿಮ್ಮ ಮಗಳಾಗಿ ಹೇಳುತ್ತಿಲ್ಲ ಅಪ್ಪ, ಒಂಬತ್ತು ವರ್ಷದಿಂದ ಫಿಸಿಯೋಥೆರಪಿ ಮಾಡಿಕೊಂಡು ಬಂದವಳಾಗಿ ಹೇಳುತ್ತಿದ್ದೇನೆ.

ಎರಡನೆಯದಾಗಿ, "ಚೆಂಡು ಒದ್ದು ಯಾವ ಹೆಣ್ಣುಮಗಳು ಉದ್ಧಾರವಾಗಿದ್ದಾಳೆ, ಒಬ್ಬಳನ್ನು ತೋರಿಸು" ಎಂದು ಕೇಳಿದ್ದೀರಿ. ತೋರಿಸುತ್ತೇನೆ. ದೂರ ಹೋಗಬೇಕಾಗಿಲ್ಲ, ನಾವಿರುವ ಊರಿನಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿಯಲ್ಲಿ ಹುಟ್ಟಿದವಳು. ಹೆಸರು ಲೂಸಿ ಬ್ರಾಂಝ್. ಇಂಗ್ಲೆಂಡಿನ ಕೊನೆಯಲ್ಲಿ, ಸ್ಕಾಟ್ಲೆಂಡಿನ ಗಡಿಯ ಪಕ್ಕದ ಬೆರಿಕ್ ಎಂಬ ಊರಿನಲ್ಲಿ 1991ರಲ್ಲಿ ಹುಟ್ಟಿದಳು. ತಂದೆ ಪೋರ್ಚುಗಲ್ಲಿನವರು, ತಾಯಿ ಇಲ್ಲಿಯವರು. ಚಿಕ್ಕಂದಿನಲ್ಲಿ ಆಕೆ ಇದ್ದದ್ದು ಹೋಲಿ ಐಲ್ಯಾಂಡ್ ಎಂಬ ದ್ವೀಪದಲ್ಲಿ. ಕಳೆದ ವರ್ಷ ಚಿನ್ನುವನ್ನು ಕರೆದುಕೊಂಡು ನಾವೂ ಅಲ್ಲಿಗೆ ಹೋಗಿದ್ದೆವು. ದಿನಕ್ಕೆ ಎರಡು ಸಲ ಸಮುದ್ರ ಉಕ್ಕಿ ಬಂದು ದ್ವೀಪಕ್ಕೆ ಹೋಗುವ ಡಾಂಬರು ರಸ್ತೆಯನ್ನೇ ಮುಚ್ಚಿಬಿಡುತ್ತದೆ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ದಾಟಬಹುದು ಎಂಬ ಪಟ್ಟಿಯನ್ನು ನೋಡಿಕೊಂಡೇ ಹೊರಡಬೇಕು. ನಮ್ಮ ಕೆರೆ ಕೋಡಿ ಬಿದ್ದಾಗ ತೋಟದ ದಾರಿ ಮುಳುಗುತ್ತಿತ್ತಲ್ಲ, ಅದನ್ನು ಹೇಳಿದರೆ ಚಿನ್ನು ನಂಬಲೇ ಇಲ್ಲ. ಅಂಥ ಮೂಲೆಯಿಂದ ಬಂದ ಹುಡುಗಿ, ಜಗತ್ತಿನಲ್ಲೇ ಶ್ರೇಷ್ಠ ಮಹಿಳಾ ಆಟಗಾರ್ತಿ ಎಂಬ, ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಪ್ರಶಸ್ತಿಯನ್ನು 2020ರಲ್ಲಿ ಪಡೆದಳು. ಹೆಚ್ಚಾಗಿ ಗೋಲು ಹೊಡೆಯುವವರಿಗೇ ಸಿಗುವ ಇಂಥ ಪ್ರಶಸ್ತಿ ಬಲಬದಿಯಲ್ಲಿ ನಿಂತು ಗೋಲು ತಡೆಯುವ ರೈಟ್ ಬ್ಯಾಕ್ ಒಬ್ಬಳಿಗೆ ಸಿಕ್ಕಿತು ಎಂಬುದೇ ನನಗೆ ಹೆಮ್ಮೆ. ನಮ್ಮ ಪುಟ್ಟಿ ಆಡುವುದೂ ಅದೇ ಜಾಗದಲ್ಲಿ ಎಂಬುದು ನಿಮಗೆ ತಿಳಿದಿದೆಯೋ ಇಲ್ಲವೋ.

ಆಕೆಗೆ ಇದು ಸುಲಭವಾಗಿ ಬರಲಿಲ್ಲ. ಆನಿಕ್ ಎಂಬ ಪಟ್ಟಣದಲ್ಲಿ ಹುಡುಗರ ತಂಡದಲ್ಲಿ ಆಡುತ್ತಿದ್ದಳು. ಅವರಿಗಿಂತ ಚೆನ್ನಾಗಿಯೇ ಆಡುತ್ತಿದ್ದರೂ, ಒಂದು ವಯಸ್ಸು ದಾಟಿದ ಮೇಲೆ ಹುಡುಗಿಯರು ಹುಡುಗರೊಡನೆ ಆಡಕೂಡದು ಎಂಬ ಆಗಿನ ನಿಯಮದಿಂದಾಗಿ ತಂಡ ಬಿಡಬೇಕಾಯಿತು. ಅಲ್ಲಿಂದ ಸಂಡರ್ಲೆಂಡಿನ ಹುಡುಗಿಯರ ತಂಡ ಸೇರಿ, 2009ರಲ್ಲಿ ಇಂಗ್ಲೆಂಡಿನ ದೊಡ್ಡ ಪಂದ್ಯಾವಳಿಯಾದ ಎಫ್‌ಎ ಕಪ್ಪಿನ ಫೈನಲ್ ಆಡಿದಾಗ ಆಕೆಗೆ ಹದಿನೇಳು ವರ್ಷ. ಆಮೇಲೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಆಡಿ, ಮರಳಿ ಬಂದು ಲಿವರ್‌ಪೂಲಿನ ಎವರ್ಟನ್ ಸೇರಿದಳು. ನೀವು ಗಮನವಿಟ್ಟು ಓದಬೇಕಾದದ್ದು ಇಲ್ಲಿಂದ ಮುಂದೆ. ಇಪ್ಪತ್ತು ವರ್ಷ ತುಂಬುವ ಆಸುಪಾಸಿನಲ್ಲೇ ಆಕೆಯ ಮಂಡಿಗೆ ಒಂದಕ್ಕಿಂತ ಹೆಚ್ಚು ಬಾರಿ ಶಸ್ತ್ರಚಿಕಿತ್ಸೆಯಾಯಿತು. ಆಟದಿಂದ ಬರುವ ಹಣ ಸಾಲದೆ, ಲೀಡ್ಸಿನಲ್ಲಿ ಕ್ರೀಡಾ ವಿಜ್ಞಾನದ ಪದವಿ ಓದುತ್ತ, ಡೊಮಿನೋಸ್ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತ ಆಡಿದಳು. ಪುಟ್ಟಿಯ ವಯಸ್ಸೂ ಈಗ ಅಷ್ಟೇ ಅಪ್ಪ. ಆ ಹುಡುಗಿಯ ಮನೆಯವರು ಆಗ "ಸಾಕು, ಮನೆಗೆ ಬಾ" ಎಂದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಅಲ್ಲಿಂದಾಚೆಗೆ ಲಿವರ್‌ಪೂಲ್ ತಂಡದೊಡನೆ 2013 ಮತ್ತು 2014ರಲ್ಲಿ ಲೀಗ್ ಗೆದ್ದಳು, ಮ್ಯಾಂಚೆಸ್ಟರ್ ಸಿಟಿಯೊಡನೆ 2016ರಲ್ಲಿ. ಫ್ರಾನ್ಸಿನ ಲಿಯಾನ್ ತಂಡದಲ್ಲಿದ್ದ ಮೂರು ವರ್ಷವೂ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಳು; ಸ್ಪೇನಿನ ಬಾರ್ಸಿಲೋನಾಕ್ಕೆ ಹೋದ ಮೇಲೆ ಇನ್ನೆರಡು ಸಲ. ಈಗ ಚೆಲ್ಸಿಯಲ್ಲಿದ್ದಾಳೆ. ವಯಸ್ಸು ಮೂವತ್ತಮೂರು. ಮಂಡಿ ಕೊಯ್ಸಿಕೊಂಡ ಹುಡುಗಿಯ ಕಥೆ ಇಪ್ಪತ್ತಕ್ಕೇ ಮುಗಿಯಲಿಲ್ಲ ಎಂಬುದನ್ನು ಇದರಿಂದ ತಿಳಿದುಕೊಂಡರೆ ಸಾಕು, ಪಂದ್ಯಗಳ ಲೆಕ್ಕವೆಲ್ಲ ನಿಮಗೆ ಬೇಡ.

ಕಳೆದ ತಿಂಗಳು ಸ್ವಿಟ್ಜರ್ಲೆಂಡಿನಲ್ಲಿ ಯುರೋಪಿನ ದೇಶಗಳ ನಡುವೆ ನಡೆದ ಯುರೋ ಪಂದ್ಯಾವಳಿಯ ವಿಷಯವನ್ನು ಮಾತ್ರ ಬರೆಯದೆ ಇರಲಾರೆ. ಜುಲೈ 17ರಂದು ಸ್ವೀಡನ್ ವಿರುದ್ಧ ಕ್ವಾರ್ಟರ್ ಫೈನಲ್. ರಾತ್ರಿ ಪಾಳಿಯ ನರ್ಸುಗಳೂ ನಾನೂ ವಾರ್ಡಿನ ಕೊನೆಯ ಟಿವಿಯ ಮುಂದೆ ನಿಂತಿದ್ದೆವು. ಇಂಗ್ಲೆಂಡ್ ಎರಡು ಗೋಲು ಹಿಂದಿತ್ತು. ಆಟ ಮುಗಿಯಲು ಹತ್ತು ನಿಮಿಷ ಉಳಿದಿರುವಾಗ ಬ್ರಾಂಝ್ ತಲೆಯಿಂದ ಹೊಡೆದು ಒಂದು ಗೋಲು ಹಾಕಿದಳು, ಎರಡೇ ನಿಮಿಷದಲ್ಲಿ ಇನ್ನೊಬ್ಬಳು ಸಮ ಮಾಡಿದಳು. ಅಷ್ಟು ಹೊತ್ತಿಗೆ ಈಕೆಯ ಕಾಲು ಸೋತಿದ್ದು ನನ್ನ ಕಣ್ಣಿಗೆ ಕಾಣುತ್ತಿತ್ತು. ಮೈದಾನದ ಮೇಲೆ ಕುಳಿತು, ಪಟ್ಟಿಯ ಸುರುಳಿಯನ್ನು ಕೈಗೆತ್ತಿಕೊಂಡು, ತನ್ನ ಕಾಲಿಗೆ ತಾನೇ ಸುತ್ತಿಕೊಂಡಳು. ಬೇರೆಯವರ ಕಾಲಿಗೆ ಆ ಪಟ್ಟಿಯನ್ನು ಸಾವಿರಾರು ಬಾರಿ ಸುತ್ತಿದ ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಆಟ ಸಮವಾಗಿಯೇ ಮುಗಿದು ಪೆನಾಲ್ಟಿಗಳಿಗೆ ಬಂದಾಗ ಒಬ್ಬರಾದ ಮೇಲೊಬ್ಬರು ಗೋಲು ಹಾಕಲಾಗದೆ ಹೋದರು. ಏಳನೆಯವಳಾಗಿ ಬಂದ ಬ್ರಾಂಝ್ ಚೆಂಡನ್ನು ಗೋಲಿನ ನಟ್ಟನಡುವೆ ಬಲೆ ಹರಿಯುವಂತೆ ಹೊಡೆದಳು. ಸ್ವೀಡನ್ನಿನ ಮುಂದಿನ ಹುಡುಗಿ ಗುರಿ ತಪ್ಪಿದಳು, ಇಂಗ್ಲೆಂಡ್ ಗೆದ್ದಿತು. ಹತ್ತು ದಿನದ ಮೇಲೆ ಬಾಸೆಲ್‌ನಲ್ಲಿ ಸ್ಪೇನನ್ನು ಸೋಲಿಸಿ ಕಪ್ಪನ್ನೂ ಎತ್ತಿದರು. ಅದಾದ ಮೇಲೆಯೇ ಆಕೆ ಬಾಯಿ ಬಿಟ್ಟದ್ದು: ಮೊದಲ ಪಂದ್ಯದಿಂದ ಕೊನೆಯವರೆಗೂ ಕಣಕಾಲಿನ ಮೂಳೆ ಬಿರುಕು ಬಿಟ್ಟಿತ್ತಂತೆ.

ಪುಟ್ಟಿಯೂ ಹಾಗೆ ಮಾಡಲಿ ಎಂದು ನಾನು ಬರೆಯುತ್ತಿಲ್ಲ. ಮೂಳೆ ಬಿರಿದ ಕಾಲಿನಲ್ಲಿ ಆಡುವುದು ನನಗೆ ಒಪ್ಪಿಗೆಯಿಲ್ಲ, ನನ್ನ ರೋಗಿಯಾಗಿದ್ದರೆ ಮೈದಾನಕ್ಕೆ ಬಿಡುತ್ತಲೂ ಇರಲಿಲ್ಲ. ಹೋಲಿಸುವುದಾದರೆ ಪುಟ್ಟಿಗೆ ಸರಿಯಾದ ಹೋಲಿಕೆ ಅದೇ ತಂಡದ ನಾಯಕಿ ಲಿಯಾ ವಿಲಿಯಮ್ಸನ್. 2023ರ ಏಪ್ರಿಲ್‌ನಲ್ಲಿ ಆಕೆಗೂ ಇದೇ ಎಸಿಎಲ್ ಹರಿಯಿತು. ಮೂರು ತಿಂಗಳಲ್ಲಿ ವಿಶ್ವಕಪ್ ಇತ್ತು. ನಾಯಕಿಯಾದವಳು ಹೋಗಲಾಗದೆ ಮನೆಯಲ್ಲಿ ಉಳಿದಳು, ಕಾದಳು, ಒಂಬತ್ತು ತಿಂಗಳ ಮೇಲೆ ಮೈದಾನಕ್ಕೆ ಮರಳಿದಳು. ಮೊನ್ನೆ ಬಾಸೆಲ್‌ನಲ್ಲಿ ಕಪ್ ಎತ್ತಿದ್ದು ಅವಳೇ. ಹಾಗೆ ಕಾಯುವುದನ್ನು ಪುಟ್ಟಿ ಕಲಿಯಬೇಕು.

ಅಜ್ಜಿ "ಇದು ಹೆಣ್ಣುಮಕ್ಕಳ ಆಟವಲ್ಲ" ಎಂದರೆಂದು ಬರೆದಿದ್ದೀರಿ. ಇಲ್ಲಿಯವರೂ ಹಾಗೇ ಹೇಳಿದ್ದರು ಎಂದು ಅಜ್ಜಿಗೆ ತಿಳಿಸಿ. 1920ರ ಡಿಸೆಂಬರಿನಲ್ಲಿ ಪ್ರೆಸ್ಟನ್ನಿನ ಕಾರ್ಖಾನೆಯ ಹೆಂಗಸರ ತಂಡದ ಆಟ ನೋಡಲು ಲಿವರ್‌ಪೂಲಿನಲ್ಲಿ 53,000 ಜನ ಸೇರಿದ್ದರು. ಮರುವರ್ಷವೇ ಫುಟ್‌ಬಾಲ್ ಹೆಂಗಸರಿಗೆ ತಕ್ಕದ್ದಲ್ಲವೆಂದು ಇಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳನ್ನೆಲ್ಲ ಅವರಿಗೆ ಮುಚ್ಚಿತು. ಮತ್ತೆ ತೆರೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ಈಗ ನೋಡಿದರೆ, ಕಳೆದ ವರ್ಷ ಮೇ ಕೊನೆಯಲ್ಲಿ ನಮ್ಮ ಊರಿನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಹೆಂಗಸರ ಪಂದ್ಯಕ್ಕೆ ಹೋದಾಗ ನಮ್ಮ ಮುಂದಿನ ಸಾಲಿನಲ್ಲಿ ಅಜ್ಜಿಯ ವಯಸ್ಸಿನವರೊಬ್ಬರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಂಬಳಿ ಹೊದ್ದು, ಫ್ಲಾಸ್ಕಿನಿಂದ ಚಹಾ ಕುಡಿಯುತ್ತ ಕೂಗುತ್ತಿದ್ದರು. ನಮ್ಮಲ್ಲಿ ಬೇಸಿಗೆ ಸುಡುವ ತಿಂಗಳಲ್ಲಿ ಇಲ್ಲಿ ಕಂಬಳಿ! ಇಂಗ್ಲೆಂಡ್ 1-2 ರಿಂದ ಸೋತರೂ ಆ ಅಜ್ಜಿ ಕೊನೆಯವರೆಗೂ ಎದ್ದು ಹೋಗಲಿಲ್ಲ. ನಮ್ಮ ದೇಶದವರೂ ಕಡಿಮೆಯೇನಿಲ್ಲ. ಮಣಿಪುರದ ಬಾಲಾ ದೇವಿ 2020ರಲ್ಲಿ ಗ್ಲಾಸ್ಗೋದ ರೇಂಜರ್ಸ್ ತಂಡಕ್ಕೆ ಬಂದು ಸಂಬಳಕ್ಕೆ ಆಡಿದಳು. ಕಳೆದ ತಿಂಗಳು ಭಾರತದ ಹುಡುಗಿಯರು ಥಾಯ್ಲೆಂಡನ್ನು ಅವರ ನೆಲದಲ್ಲೇ 2-1 ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹರಾದರು. ಆ ರಾತ್ರಿ ಪುಟ್ಟಿ ಊದಿದ ಮಂಡಿಗೆ ಐಸ್ ಇಟ್ಟುಕೊಂಡು ನನಗೆ ಫೋನು ಮಾಡಿ ಅತ್ತಳು. ನೋವಿಗೆ ಅತ್ತದ್ದಲ್ಲ.

ಇನ್ನು ಹಣದ ವಿಷಯ. ಅಜ್ಜಿಯ ಕಾಸಿನ ಸರವನ್ನು ದಯವಿಟ್ಟು ಗಿರವಿ ಇಡಬೇಡಿ. ತಿಪಟೂರಿನಲ್ಲಿ ಕೊಬ್ಬರಿಗೆ ಒಳ್ಳೆಯ ಬೆಲೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಆಪರೇಷನ್ನಿಗೆ ಬೇಕಾದಷ್ಟನ್ನು ಸೋಮವಾರವೇ ನಿಮ್ಮ ಖಾತೆಗೆ ಹಾಕುತ್ತೇನೆ. ನಿಮ್ಮ ಅಳಿಯನೇ ಮೊದಲು ಈ ಮಾತು ಎತ್ತಿದ್ದು, ಆದ್ದರಿಂದ ಸಂಕೋಚ ಬೇಡ. ಆಪರೇಷನ್ನಿಗಿಂತ ದೊಡ್ಡದು ಆಮೇಲಿನ ವ್ಯಾಯಾಮ. ಅದಕ್ಕೆ ಖರ್ಚಾಗುವ ಹಣವನ್ನು ಉಳಿಸಲು ಹೋಗಬೇಡಿ. ಹಾಸನಕ್ಕೆ ವಾರಕ್ಕೆರಡು ಬಾರಿ ಕರೆದೊಯ್ಯಬೇಕಾದೀತು. ಮನೆಯಲ್ಲಿ ಈಗಿನಿಂದಲೇ ಹೀಗೆ ಮಾಡಿಸಿ: ಟವೆಲ್ಲನ್ನು ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಟ್ಟು, ಮಂಡಿಯನ್ನು ಚಾಪೆಯ ಕಡೆಗೆ ಒತ್ತಿ ಐದು ಎಣಿಸಿ ಬಿಡಬೇಕು, ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ. ಮಂಡಿಯ ಮೇಲಿನ ಸ್ನಾಯು ಬಿಗಿಯಾಗುವುದನ್ನು ಅಮ್ಮ ಕೈಯಿಟ್ಟು ನೋಡಲಿ. ಆಪರೇಷನ್ನಿಗೆ ಮುಂಚೆ ಕಾಲು ಪೂರ್ತಿ ನೇರವಾಗುವಂತಿದ್ದರೆ ಆಮೇಲೆ ಅರ್ಧ ಕಷ್ಟ ಕಡಿಮೆ. ಪುಟ್ಟಿ ಆತುರಗಾತಿ, ನಾಲ್ಕು ತಿಂಗಳಿಗೇ ನೋವಿಲ್ಲವೆಂದು ಓಡಲು ಹೊರಡುತ್ತಾಳೆ. ಬರುವ ವರ್ಷದ ಜೂನ್ ತಿಂಗಳಿಗೆ ಮುಂಚೆ ಅವಳು ಪಂದ್ಯ ಆಡಕೂಡದು. ಅಲ್ಲಿಯವರೆಗೆ ಚೆಂಡನ್ನು ನೀವು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಸರಿಯೇ, ಮನೆಯಿಂದ ಆಚೆ ಮಾತ್ರ ಹಾಕಬೇಡಿ.

ಕಡೂರಿನ ಸಂಬಂಧದವರಿಗೆ ಆಪರೇಷನ್ ವಿಷಯ ತಿಳಿಯದಂತೆ ನೋಡಿಕೊಳ್ಳೋಣ ಎಂದು ಸೋದರಮಾವ ಹೇಳಿದರಂತೆ. ಇದು ನನಗೆ ಸ್ವಲ್ಪವೂ ಸರಿಬೀಳಲಿಲ್ಲ. ಮುಚ್ಚಿಡುವಂಥ ಯಾವ ದೋಷವೂ ನಮ್ಮ ಹುಡುಗಿಯಲ್ಲಿಲ್ಲ. ಮಂಡಿ ಕೊಯ್ಸಿಕೊಂಡವಳು ನಡೆಯುತ್ತಾಳೆ, ಓಡುತ್ತಾಳೆ, ಮದುವೆಯಾಗುತ್ತಾಳೆ, ಮಕ್ಕಳನ್ನು ಹೆರುತ್ತಾಳೆ, ಇವುಗಳಲ್ಲಿ ಯಾವುದಕ್ಕೂ ಅಡ್ಡಿಯಿಲ್ಲ. ಅವರು ಕೇಳಲಿ ಬಿಡಲಿ, ನೀವೇ ಮುಂದಾಗಿ ಹೇಳಿಬಿಡಿ. ಅದನ್ನು ಕೇಳಿ ಹಿಂದೆ ಸರಿಯುವವರಾದರೆ ಸರಿಯಲಿ. ಇಷ್ಟಕ್ಕೂ ಅವಳಿಗೆ ಇನ್ನೂ ಹತ್ತೊಂಬತ್ತು, ಡಿಗ್ರಿ ಮುಗಿದಿಲ್ಲ. ನನ್ನನ್ನು ಇಷ್ಟು ದೂರ ಓದಿಸಿ ಕಳಿಸುವಾಗ ಊರೆಲ್ಲ ಆಡಿಕೊಂಡರೂ ನೀವು ಜಗ್ಗಲಿಲ್ಲ. ಆ ಧೈರ್ಯವನ್ನು ಅವಳಿಗೂ ಕೊಡಿ ಅಪ್ಪ, ಅವಳು ಬಾಯಿ ಬಿಟ್ಟು ಕೇಳುವುದಿಲ್ಲ.

ನೀವು ಏನೂ ಯೋಚನೆ ಮಾಡಬೇಡಿ. ಎಂಆರ್‌ಐ ಚಿತ್ರಗಳನ್ನು ಇಲ್ಲಿಯ ಸರ್ಜನ್ನರಿಗೂ ತೋರಿಸಿದ್ದೇನೆ, ಕುಷನ್ನಿನಂಥ ಮೆನಿಸ್ಕಸ್ ಹರಿದಿಲ್ಲ, ಬಹಳ ಒಳ್ಳೆಯದಾಯಿತು ಎಂದರು. ನಿಜವಾಗಿಯೂ ಯೋಚನೆ ಮಾಡುವಂಥದ್ದೇನಿಲ್ಲ. ಆಪರೇಷನ್ನಿನ ವಾರ ನಾನು ರಜೆ ಹಾಕಿ ಬರುತ್ತೇನೆ, ಟಿಕೆಟ್ ನೋಡುತ್ತಿದ್ದೇನೆ. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ, ಅಮ್ಮ ಒಬ್ಬರೇ ನೀರು ಹೊರುವುದು ಬೇಡ.

ಚಿನ್ನುವನ್ನು ಈಜಿನಿಂದ ಕರೆತರಲು ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ. ಪುಟ್ಟಿಗೆ ಈ ಪತ್ರ ತೋರಿಸಿ. ಚಟ್ನಿಪುಡಿ ತಲುಪಿತು, ಅರ್ಧ ಮುಗಿದೂ ಹೋಯಿತು.

ಇಂತಿ ನಿಮ್ಮ ಮಗಳು