ಪದಪಟ್ಟಿಯ ಬಾಯಿಪಾಠ ಸಾಲದು

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಕಠಿಣ ಇಂಗ್ಲಿಷ್ ಪದಗಳನ್ನು, ಒಂದು ಪದಕ್ಕೆ ಒಂದೇ ಅರ್ಥವೆಂಬಂತೆ ಪಟ್ಟಿ ಮಾಡಿಕೊಂಡು ಉರು ಹೊಡೆಯುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ‘ಸ್ಯಾಂಕ್ಷನ್’ ಪದವನ್ನೇ ನೋಡಿ: ಸಾಲ ‘ಸ್ಯಾಂಕ್ಷನ್’ ಆಯಿತೆಂದು ಇಂಗ್ಲಿಷ್ ಓದದ ರೈತರೂ ಹೇಳುತ್ತಾರೆ, ಅಲ್ಲಿ ಅದು ಮಂಜೂರಾತಿ. ಆದರೆ ಒಂದು ದೇಶವು ಇನ್ನೊಂದರ ಮೇಲೆ ‘ಸ್ಯಾಂಕ್ಷನ್’ ಹೇರಿತೆಂದರೆ ಅದು ನಿರ್ಬಂಧ, ಹೆಚ್ಚುಕಡಿಮೆ ತದ್ವಿರುದ್ಧ ಅರ್ಥ. ಪಟ್ಟಿಯ ಮೊದಲ ಅರ್ಥವನ್ನಷ್ಟೇ ಕಲಿತವರು ಸುದ್ದಿಯನ್ನೇ ತಲೆಕೆಳಗಾಗಿ ಓದುತ್ತಾರೆ.

ಪದಗಳ ಮೂಲವನ್ನು ತಿಳಿಸಿದರೆ ಹೊರೆ ಇಳಿಯುತ್ತದೆ. ‘ಸುಗುಣ’, ‘ದುರ್ಗುಣ’ಗಳಲ್ಲಿನ ಉಪಸರ್ಗಗಳನ್ನು ಬಲ್ಲ ನಮ್ಮ ಮಕ್ಕಳಿಗೆ ‘ಬೆನೆವೊಲೆಂಟ್’ (ಒಳಿತು ಬಯಸುವ), ‘ಮಲೆವೊಲೆಂಟ್’ (ಕೇಡು ಬಯಸುವ) ಪದಗಳಲ್ಲಿರುವ ಲ್ಯಾಟಿನ್ನಿನ ‘ಬೆನೆ’, ‘ಮಲೆ’ಗಳು ಅದೇ ಕೆಲಸ ಮಾಡುತ್ತವೆಂದು ವಿವರಿಸಲು ಐದು ನಿಮಿಷ ಸಾಕು, ಆ ಬಳಿಕ ಅಂಥ ಹತ್ತಾರು ಪದಗಳನ್ನು ಅವರೇ ಬಿಡಿಸಿಕೊಳ್ಳಬಲ್ಲರು.

ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್–ಕನ್ನಡ ನಿಘಂಟಿನ ಪರಿಷ್ಕೃತ ಮುದ್ರಣಗಳು ಹಲವು ಗ್ರಂಥಾಲಯಗಳಲ್ಲಿವೆ. ಅವನ್ನು ಬೀರುವಿನಲ್ಲಿ ಬೀಗ ಹಾಕಿಡದೆ ವಿದ್ಯಾರ್ಥಿಗಳ ಕೈಗೆಟುಕುವಂತೆ ಇಡಬೇಕೆಂದು ಕಾಲೇಜುಗಳ ಪ್ರಾಂಶುಪಾಲರಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಧಾರವಾಡ