ಮಗಳಿಗೊಂದು ಪತ್ರ: ಅವ್ವನ ಹೃದಯ ಪರೀಕ್ಷೆಗಳ ಕುರಿತು

ದಾವಣಗೆರೆ

ಚಿರಂಜೀವಿ ಮಗಳಿಗೆ ನಿನ್ನ ತಂದೆಯ ಆಶೀರ್ವಾದಗಳು.

ಇಸಿಜಿ ಸರಿಯಾಗಿ ಬಂದಮೇಲೂ ಅವ್ವನಿಗೆ ಬೇರೆ ಪರೀಕ್ಷೆಗಳೇಕೆ, ಮಾಡಿಸುವುದೇ ಆದರೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕರೆತಂದು ನೇರವಾಗಿ ಆಂಜಿಯೋಗ್ರಾಂ ಏಕೆ ಮಾಡಿಸಬಾರದು ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಅವಳ ಎದುರಿನಲ್ಲಿ ಅದನ್ನೆಲ್ಲ ಮಾತನಾಡಲು ಮನಸ್ಸಾಗದೆ ಬರೆಯುತ್ತಿದ್ದೇನೆ.

ಇಸಿಜಿಯು ಹೃದಯದ ವಿದ್ಯುತ್ ಚಟುವಟಿಕೆಯನ್ನು ಕೆಲವೇ ಕ್ಷಣಗಳ ಮಟ್ಟಿಗೆ ದಾಖಲಿಸುತ್ತದೆ. ಬಡಿತದ ಲಯ ತಪ್ಪಿದ್ದರೆ, ಹೃದಯಾಘಾತವಾಗುತ್ತಿದ್ದರೆ ಸಾಮಾನ್ಯವಾಗಿ ಅದರಲ್ಲಿ ಸುಳಿವು ಸಿಗುತ್ತದೆ. ಆದರೆ ರಕ್ತನಾಳ ಕಿರಿದಾಗಿದ್ದರೂ ಮಲಗಿರುವಾಗ ಹೃದಯಕ್ಕೆ ಸಾಲುವಷ್ಟು ರಕ್ತ ಹರಿಯುತ್ತಿದ್ದರೆ ಯಾವ ದೋಷವೂ ಕಾಣದೇ ಹೋಗಬಹುದು. ಅವ್ವನಿಗೆ ಎದೆ ಬಿಗಿಯುವುದು ಮಹಡಿ ಮೆಟ್ಟಿಲು ಹತ್ತುವಾಗಲೇ ಹೊರತು ಹಾಸಿಗೆಯಲ್ಲಲ್ಲ. 'ಇಸಿಜಿ ನಾರ್ಮಲ್' ಎಂಬ ಮಾತನ್ನು ನಮ್ಮವರು ಅದರ ಯೋಗ್ಯತೆಗಿಂತ ಹೆಚ್ಚಾಗಿ ನಂಬುತ್ತಾರೆಂಬುದು ನನ್ನ ಅಭಿಪ್ರಾಯ.

ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ, ಕವಾಟಗಳು ಸರಿಯಿದ್ದು, ಪಂಪಿಂಗ್ (ಪ್ರತಿ ಬಡಿತದಲ್ಲಿ ಹೃದಯ ಹೊರದೂಡುವ ರಕ್ತದ ಪಾಲು) ಶೇ 60 ಎಂದಿದೆ. ಅದು ಒಳ್ಳೆಯ ಪ್ರಮಾಣವೇ.

ನಿಜವಾದ ಪ್ರಶ್ನೆ ಎದ್ದಿದ್ದು ಟಿಎಂಟಿಯಲ್ಲಿ, ಅಂದರೆ ಚಲಿಸುವ ಪಟ್ಟಿಯ (ಟ್ರೆಡ್‌ಮಿಲ್) ಮೇಲೆ ನಡೆಸುತ್ತ ಇಸಿಜಿ ನೋಡುವ ಪರೀಕ್ಷೆಯಲ್ಲಿ. ನೀನು ಬಿಟ್ಟುಹೋದ ಹಳೆಯ ಚೂಡಿದಾರ್ ತೊಟ್ಟು, ಎದೆಯ ಮೇಲೆ ತಂತಿಗಳನ್ನು ಅಂಟಿಸಿಕೊಂಡು, ಮುಂದಿನ ಸರಳನ್ನು ಎರಡೂ ಕೈಯಿಂದ ಬಿಗಿಹಿಡಿದೇ ಅವಳು ನಡೆದಳು. ಪ್ರತಿ 3 ನಿಮಿಷಕ್ಕೊಮ್ಮೆ ಪಟ್ಟಿಯ ವೇಗವೂ ಏರುಮುಖವೂ ಹೆಚ್ಚುತ್ತವೆ. 220ರಲ್ಲಿ ವಯಸ್ಸನ್ನು ಕಳೆದು, ಉಳಿದದ್ದರ ಶೇ 85ರಷ್ಟು ಬಡಿತವನ್ನಾದರೂ ಮುಟ್ಟಿಸಬೇಕೆಂಬುದು ವಾಡಿಕೆಯ ಲೆಕ್ಕ. ಅವಳ 58ನೇ ವಯಸ್ಸಿಗೆ ಅದು ನಿಮಿಷಕ್ಕೆ ಸುಮಾರು 138. ಅಲ್ಲಿಗೆ ತಲುಪುವ ಮೊದಲೇ ಎದೆ ಬಿಗಿದು, ಇಸಿಜಿಯಲ್ಲಿಯೂ ಬದಲಾವಣೆ ಕಂಡಿದ್ದರಿಂದ ವೈದ್ಯರು ನಿಲ್ಲಿಸಿದರು.

ಹಾಗೆಂದು ರಕ್ತನಾಳದಲ್ಲಿ ಬ್ಲಾಕ್ (ಅಡಚಣೆ) ಇದ್ದೇ ಇದೆ ಎಂದು ಹೇಳಲಾಗದು. ಹೆಂಗಸರಲ್ಲಿ ರಕ್ತನಾಳ ಚೆನ್ನಾಗಿದ್ದರೂ ಟಿಎಂಟಿ ಪಾಸಿಟಿವ್ ಬರುವುದು ಗಂಡಸರಿಗಿಂತ ಹೆಚ್ಚು. ಆದ್ದರಿಂದ ವೈದ್ಯರು ಮೊದಲು ಸಿಟಿ ಆಂಜಿಯೋಗ್ರಾಂ ಸೂಚಿಸಿದ್ದಾರೆ. ಅದರಲ್ಲಿ ಕೈಯ ರಕ್ತನಾಳಕ್ಕೆ ಚುಚ್ಚುಮದ್ದಿನಂತೆ ಡೈ (ಚಿತ್ರದಲ್ಲಿ ರಕ್ತನಾಳ ಎದ್ದು ಕಾಣಿಸುವ ದ್ರವ) ಕೊಟ್ಟು ಚಿತ್ರ ತೆಗೆಯುತ್ತಾರೆ. ಹೃದಯದತ್ತ ಕೊಳವೆ ಕಳುಹಿಸುವುದಿಲ್ಲ. ನೀನು ಹೇಳುವ ಆಂಜಿಯೋಗ್ರಾಂನಲ್ಲಿ ಮಣಿಕಟ್ಟಿನ ಅಥವಾ ತೊಡೆಸಂದಿನ ಅಪಧಮನಿಯಿಂದ ಕೊಳವೆ ತೂರಿಸಬೇಕು. ಬ್ಲಾಕ್ ಇದ್ದರೆ ಅಲ್ಲಿಯೇ ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿಯ ಕೊಳವೆ) ಹಾಕಬಹುದೆಂಬುದು ಅದರ ಅನುಕೂಲ. ರಕ್ತಸ್ರಾವದಂಥ ಅಪಾಯ ಕಡಿಮೆಯಾದರೂ ಇಲ್ಲವೆನ್ನುವಂತಿಲ್ಲ. ಎರಡರ ಡೈಯೂ ಮೂತ್ರಪಿಂಡಕ್ಕೆ ಹೊರೆಯಾಗಬಹುದಾದ್ದರಿಂದ, ಸಕ್ಕರೆ ಕಾಯಿಲೆಯಿರುವ ಅವಳಿಗೆ ಮುಂಚಿತವಾಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪ್ರಮಾಣವನ್ನು ರಕ್ತದಲ್ಲಿ ನೋಡಬೇಕು. ರಕ್ತ ಕೊಟ್ಟು ಬಂದಿದ್ದೇವೆ.

ಈ ನಡುವೆ ಸುಮ್ಮನೆ ಕುಳಿತಿರುವಾಗಲೂ ಎದೆನೋವು ಬಂದರೆ ಬೆಂಗಳೂರಿನವರೆಗೆ 260 ಕಿಲೋಮೀಟರ್ ಹೊರಡುವ ಮಾತೇ ಇಲ್ಲ. ಇಲ್ಲಿಯ ಚಿಗಟೇರಿ ಜಿಲ್ಲಾಸ್ಪತ್ರೆ ಹತ್ತಿರದಲ್ಲಿದೆ. ಅಂಥ ಹೊತ್ತಿನಲ್ಲಿ ಇಸಿಜಿಯೇ ಮೊದಲು. ಜೊತೆಗೆ ರಕ್ತದಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನ್ ನೋಡುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದ ಕೆಲವು ಗಂಟೆಗಳಲ್ಲಿ ಅದು ಏರುವುದರಿಂದ, ಮೊದಲ ವರದಿ ಸರಿಯಿದ್ದರೂ ಎರಡನೆಯ ಸಲ ರಕ್ತ ತೆಗೆಯುವವರೆಗೆ ಅಲ್ಲಿಯೇ ಕಾಯುತ್ತೇವೆ.

ಅವಳ ಹಳೆಯ ವರದಿಗಳು ನಿನ್ನ ಬಳಿಯಿದ್ದರೆ ಫೋಟೋ ತೆಗೆದು ಕಳುಹಿಸು.

ನಿನ್ನ ಅಪ್ಪಾಜಿ