‘ಚೆನ್ನಾಗಿದೆ, ಓದು’ ಎಂದರೆ ಸಾಲದು

ಪ್ರೀತಿಯ ಗೆಳೆಯ,

ನಿನ್ನ ಕಾಗದದಲ್ಲಿ ಕೇಳಿದ ಪ್ರಶ್ನೆಗಳು ಹಲವು. ಹಸ್ತಪ್ರತಿಯನ್ನು ಯಾರಿಗೆ ಕಳುಹಿಸಬೇಕು, ಸ್ಪರ್ಧೆಗಳಿಗೆ ಬರೆಯಬೇಕೋ ಬೇಡವೋ, ಇವಕ್ಕೆಲ್ಲ ಇನ್ನೊಮ್ಮೆ ಉತ್ತರಿಸುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ನೀನು ಕೊನೆಯಲ್ಲಿ ಸುಮ್ಮನೆ ಸೇರಿಸಿದ ಮಾತು. ಈಚೆಗೆ ಏನು ಓದಿದೆ ಎಂದು ಗೆಳೆಯರು ಕೇಳಿದರೆ ಪ್ರಶಸ್ತಿ ಬಂದ ಯಾವುದಾದರೂ ಪುಸ್ತಕದ ಹೆಸರು ಹೇಳುತ್ತೇನೆ, ರಾತ್ರಿಯೆಲ್ಲ ಕುಳಿತು ಮುಗಿಸಿದ ಪತ್ತೇದಾರಿ ಕಾದಂಬರಿಯ ಹೆಸರು ಹೇಳಲು ಬಾಯಿ ಬರುವುದಿಲ್ಲ ಎಂದು ಬರೆದಿದ್ದೀಯೆ. ಬರಹಗಾರನಾಗಲು ಹೊರಟವನು ಅಂಥದ್ದನ್ನು ಓದುತ್ತಾನೆಯೇ ಎಂದು ಅವರು ಅಂದುಕೊಂಡಾರು ಎಂಬ ಅಳುಕು ನಿನಗೆ.

ಹೇಳು. ಮೊದಲು ಅದರ ಹೆಸರನ್ನೇ ಹೇಳು. ನಿದ್ದೆಗೆಡಿಸಿದ ಪುಸ್ತಕವನ್ನು ಮುಚ್ಚಿಟ್ಟು, ನಾಲ್ಕು ಪುಟ ಓದಿ ಬದಿಗಿಟ್ಟದ್ದನ್ನು ಹೊಗಳುವ ಅಭ್ಯಾಸ ಬೆಳೆದರೆ ನಿನಗೆ ನಿಜವಾಗಿ ಏನು ಇಷ್ಟ ಎಂಬುದು ನಿನಗೇ ಮರೆತುಹೋಗುತ್ತದೆ. ಬರೆಯುವವನಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಅಂಥವನು ಬರೆಯಲು ಕುಳಿತಾಗಲೂ ಇಷ್ಟಪಟ್ಟದ್ದನ್ನು ಬಿಟ್ಟು, ಇಷ್ಟಪಡಬೇಕಾದದ್ದನ್ನು ಬರೆಯುತ್ತಾನೆ. ಆ ಪುಟಗಳಲ್ಲಿ ಉಸಿರಿರುವುದಿಲ್ಲ.

ಇನ್ನೂ ಒಂದು ಕಾರಣವಿದೆ, ಈ ಕಾಗದವನ್ನು ಬರೆಯುತ್ತಿರುವುದೇ ಅದಕ್ಕಾಗಿ. ಓದಿದ ಕಾದಂಬರಿಯೊಂದನ್ನು ಗೆಳೆಯನಿಗೆ ಹೇಳಿ, ಅವನೂ ಅದನ್ನು ಓದುವಂತೆ ಮಾಡುವ ಆ ಐದು ನಿಮಿಷಕ್ಕೆ ಸಮನಾದ ಅಭ್ಯಾಸ ಕಥೆಗಾರನಿಗೆ ಬೇರೆಲ್ಲೂ ಸಿಗುವುದಿಲ್ಲ. ಎದುರಿಗೆ ಕೇಳುಗನಿದ್ದಾನೆ. ಅವನ ಮುಖ ಕಾಣುತ್ತದೆ. ಎಲ್ಲಿ ಅವನ ಕಣ್ಣು ಆಚೆ ಈಚೆ ಹೋಯಿತು, ಎಲ್ಲಿ ‘ಆಮೇಲೆ?’ ಎಂದ, ಎಲ್ಲವೂ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಮುನ್ನೂರು ಪುಟಗಳಿಂದ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಕೊನೆಯವರೆಗೂ ಹೇಳಬಾರದು ಎಂದು ನೀನು ನಿಂತ ನಿಲುವಿನಲ್ಲೇ ತೀರ್ಮಾನಿಸಬೇಕಾಗುತ್ತದೆ. ಕಥೆ ಬರೆಯುವಾಗ ಮಾಡುವ ಕೆಲಸವೂ ಇದೇ ಅಲ್ಲವೇ?

ನಮ್ಮಲ್ಲಿ ಹೆಚ್ಚಿನವರು ಈ ಅವಕಾಶವನ್ನು ‘ಅದ್ಭುತ’, ‘ಒಂದೇ ಏಟಿಗೆ ಓದಿಸಿಕೊಂಡು ಹೋಯಿತು’, ‘ಓದಲೇಬೇಕು’ ಎಂಬ ಮಾತುಗಳಲ್ಲಿ ಕಳೆದುಬಿಡುತ್ತಾರೆ. ಈ ಮಾತುಗಳನ್ನು ಯಾವ ಪುಸ್ತಕದ ಮೇಲೂ ಹಚ್ಚಬಹುದು. ಕೇಳಿದವನು ತಲೆಯಾಡಿಸುತ್ತಾನೆ, ಸಂಜೆಯ ಹೊತ್ತಿಗೆ ಹೆಸರನ್ನೂ ಮರೆತಿರುತ್ತಾನೆ.

ತ್ರಿವೇಣಿಯವರ ‘ಶರಪಂಜರ’ವನ್ನು ಓದದ ಗೆಳತಿಯೊಬ್ಬಳಿಗೆ ಹೇಳಬೇಕು ಎಂದಿಟ್ಟುಕೋ. ‘ಮನಸ್ಸಿನ ಆಳವನ್ನು ಶೋಧಿಸುವ ಶ್ರೇಷ್ಠ ಕಾದಂಬರಿ’ ಎಂದು ಹೇಳಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೀಗೆ ಹೇಳಿ ನೋಡು: ‘ಹೆರಿಗೆಯ ನಂತರ ಬುದ್ಧಿ ಕದಡಿದ ಹೆಂಗಸೊಬ್ಬಳು ಚಿಕಿತ್ಸೆ ಪಡೆದು, ಪೂರ್ತಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆ ಎಂದು ಸುತ್ತಲಿನವರು ನಂಬುವುದಿಲ್ಲ.’ ಇಷ್ಟೇ ಸಾಕು. ಕೇಳಿದವಳ ಮನಸ್ಸಿನಲ್ಲಿ ಆ ಮನೆಯ ಬಾಗಿಲು ಆಗಲೇ ತೆರೆದಿರುತ್ತದೆ. ಆ ಹೆಂಗಸು ನಕ್ಕರೆ ಜನ ಅನುಮಾನಿಸುತ್ತಾರೆ, ಸುಮ್ಮನಿದ್ದರೂ ಅನುಮಾನಿಸುತ್ತಾರೆ ಎಂಬುದನ್ನು ಗೆಳತಿ ತಾನೇ ಊಹಿಸಿಕೊಳ್ಳುತ್ತಾಳೆ. ಕೊನೆಯನ್ನು ನೀನು ಹೇಳಿಲ್ಲ, ಹೊಗಳಿಯೂ ಇಲ್ಲ. ಕಾದಂಬರಿ ಯಾವ ಬಿಂದುವಿನಲ್ಲಿ ನಿಂತು ಬಿಗಿಯಾಗುತ್ತದೆ ಎಂಬುದನ್ನು ಮಾತ್ರ ತೋರಿಸಿದೆ. ಹಾಗೆ ತೋರಿಸಬೇಕಾದರೆ ಮೊದಲು ನೀನು ಅದನ್ನು ಕಂಡಿರಬೇಕು. ಕಾಯಿಲೆಯ ಕಥೆ ಮುಗಿದಲ್ಲಿಂದ ನಿಜವಾದ ಸಂಕಟ ಶುರುವಾಗುವಂತೆ ತ್ರಿವೇಣಿ ಕಥೆಯನ್ನು ಕಟ್ಟಿದ್ದಾರೆ ಎಂಬುದು ನನಗೆ ಹೊಳೆದದ್ದು ಯಾವ ವಿಮರ್ಶೆಯನ್ನೋ ಓದಿ ಅಲ್ಲ, ಒಬ್ಬರಿಗೆ ಆ ಕಾದಂಬರಿಯನ್ನು ಬಾಯಲ್ಲಿ ಹೇಳುತ್ತಿದ್ದಾಗ.

ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಮನೆಯೊಳಗೆ ಯಾರೂ ಗಟ್ಟಿಯಾಗಿ ಆಡದಿದ್ದ ಮಾತುಗಳನ್ನು ಅವರು ಎಲ್ಲರೂ ಓದುವ ಕಾದಂಬರಿಗಳಿಗೆ ತಂದರು. ಜನಪ್ರಿಯ ಎಂದಾಕ್ಷಣ ಹಗುರ ಎಂದು ತೀರ್ಮಾನಿಸುವವರು ಈ ಒಂದು ಹೆಸರಿನ ಮುಂದಾದರೂ ತುಸು ನಿಲ್ಲಬೇಕು. ಅದಕ್ಕೂ ಹಿಂದೆ ಹೋದರೆ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು, ಐತಿಹಾಸಿಕ ಕಾದಂಬರಿಗಳನ್ನು ಬರೆದು ಪುಸ್ತಕಗಳನ್ನು ತಾವೇ ಹೊತ್ತು ಓದುಗರ ಬಳಿಗೆ ಹೋದ ಗಳಗನಾಥರು ಇದ್ದಾರೆ. ‘ಮುಂದೇನಾಯಿತು’ ಎಂಬ ಕುತೂಹಲದಿಂದಲೇ ಅವರು ಕನ್ನಡಕ್ಕೆ ಕಾದಂಬರಿಯ ಓದುಗರನ್ನು ಗಳಿಸಿಕೊಟ್ಟರು. ನಾಳೆ ನಿನ್ನ ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಆ ಓದುಗರ ಮುಂದಿನ ತಲೆಮಾರಿನವರೇ.

ಗೆಳೆಯರು ಒಬ್ಬರಿಗೊಬ್ಬರು ಹೇಳುವ ಮಾತು ಒಂದು ಪುಸ್ತಕಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ನನಗೆ ಸದಾ ನೆನಪಾಗುವುದು ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’. 1836ರಲ್ಲಿ ಅದು ತಿಂಗಳಿಗೊಂದು ಕಂತಾಗಿ ಹೊರಬರತೊಡಗಿದಾಗ ಕೆಲವು ನೂರು ಪ್ರತಿಗಳು ಮಾರಾಟವಾದರೆ ಹೆಚ್ಚು ಎಂಬ ಸ್ಥಿತಿಯಿತ್ತು. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಚುರುಕು ಮಾತಿನ ಆಳು ಕಾಣಿಸಿಕೊಂಡ. ಅಲ್ಲಿಂದ ಮಾರಾಟ ಏರುತ್ತಲೇ ಹೋಗಿ, ಮುಗಿಯುವ ಹೊತ್ತಿಗೆ ಕಂತಿಗೆ ಸುಮಾರು 40,000 ಪ್ರತಿಗಳನ್ನು ಮುಟ್ಟಿತು. ಆ ಪಾತ್ರದಲ್ಲಿ ಇದ್ದದ್ದೇನು? ಅವನ ಮಾತನ್ನು ಓದುಗನು ತನ್ನ ಬಾಯಲ್ಲಿ ಆಡಿ ತೋರಿಸಬಹುದಿತ್ತು. ಕಥೆಯ ಸಾರಾಂಶ ಹೇಳುವ ಅಗತ್ಯವೇ ಇರಲಿಲ್ಲ, ಅವನಂತೆ ಒಂದು ಮಾತಾಡಿದರೆ ಎದುರಿಗಿದ್ದವನಿಗೆ ಪುಸ್ತಕ ಬೇಕೆನಿಸುತ್ತಿತ್ತು. ನೀನು ಬರೆಯುತ್ತಿರುವುದರಲ್ಲಿ ಹಾಗೆ ಇನ್ನೊಬ್ಬರ ಬಾಯಿಗೆ ದಾಟಬಲ್ಲ ಪಾತ್ರವೊಂದಿದೆಯೇ ಎಂದು ನೋಡಿಕೋ.

ಇನ್ನು ಕೊನೆಯನ್ನು ಬಯಲುಮಾಡುವ ವಿಚಾರ. 1952ರಲ್ಲಿ ಲಂಡನ್ನಿನ ರಂಗಕ್ಕೆ ಬಂದ ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ನಾಟಕದ ಕೊನೆಯಲ್ಲಿ ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿಯಿದೆ. ಹೇಳಬೇಡಿ ಎಂದು ಕೇಳಿಕೊಂಡವರನ್ನು ಜನ ಗೌರವಿಸುತ್ತಾರೆ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ನೀನೂ ಹಾಗೆಯೇ ಇರು. ತಾನು ಅನುಭವಿಸಿದ ಬೆರಗು ಗೆಳೆಯನಿಗೂ ಸಿಗಲಿ ಎಂದು ಬಾಯಿ ಕಟ್ಟಿಕೊಳ್ಳುವುದು ದೊಡ್ಡ ಔದಾರ್ಯ.

ಆದರೆ ಇಲ್ಲಿ ಬರೆಯುವವನಿಗೆ ಓದುಗನಿಗಿಲ್ಲದ ಒಂದು ಕೆಲಸ ಹೆಚ್ಚಿಗೆ ಇದೆ. ಕೊನೆ ಗೊತ್ತಾದ ಮೇಲೆ ಪುಸ್ತಕವನ್ನು ಎರಡನೆಯ ಸಲ ಓದು. ಕೊಲೆಗಾರನನ್ನು ಬೆಟ್ಟುಮಾಡುವ ಸುಳಿವು ಮೊದಲ ಓದಿನಲ್ಲಿ ನಿನ್ನ ಕಣ್ಣೆದುರಿಗೇ ಇತ್ತು, ನೀನು ಹೇಗೆ ದಾಟಿಹೋದೆ ಎಂದು ಹುಡುಕು. ಎಷ್ಟೋ ಸಲ ಅದು ಕೋಣೆಯಲ್ಲಿದ್ದ ಆರೇಳು ವಸ್ತುಗಳ ಪಟ್ಟಿಯ ನಡುವೆ ಕುಳಿತಿರುತ್ತದೆ. ಪಟ್ಟಿಯ ಮೊದಲ ವಸ್ತು, ಕೊನೆಯ ವಸ್ತು ಕಣ್ಣಿಗೆ ಬೀಳುತ್ತವೆ, ನಡುವಿನದು ಜಾರಿಹೋಗುತ್ತದೆ. ಇಲ್ಲವೇ ಸುಳಿವು ಬಿದ್ದ ಮರು ಸಾಲಿನಲ್ಲೇ ಯಾರೋ ಜಗಳ ತೆಗೆಯುತ್ತಾರೆ, ಬಾಗಿಲು ಬಡಿಯುತ್ತದೆ, ಯಾರಿಗೋ ನಗು ಬರುತ್ತದೆ. ನಮ್ಮ ಗಮನ ಅತ್ತ ಹೋಗುತ್ತದೆ. ಇನ್ನು ಕೆಲವೆಡೆ ಸುಳಿವನ್ನು ಯಾರೂ ನಂಬದ ಪಾತ್ರವೊಂದರ ಬಾಯಿಗೆ ಹಾಕಿರುತ್ತಾರೆ, ಸತ್ಯವನ್ನೇ ಹೇಳುತ್ತಿದ್ದರೂ ಅದು ಹರಟೆಯಂತೆ ಕೇಳುತ್ತದೆ. ಈ ಕೈಚಳಕ ಪತ್ತೇದಾರಿಗೆ ಮಾತ್ರ ಬೇಕಾದದ್ದಲ್ಲ. ಒಂದು ಕುಟುಂಬದ ಕಥೆಯಲ್ಲಿ ತಾಯಿಯೊಬ್ಬಳು ನೂರನೆಯ ಪುಟದಲ್ಲಿ ಮನೆ ಬಿಟ್ಟು ಹೊರಡುವುದು ಓದುಗನಿಗೆ ದಿಢೀರ್ ಎನಿಸಬಾರದು ಎಂದಿದ್ದರೆ ಹತ್ತನೆಯ ಪುಟದಲ್ಲೇ ಏನನ್ನೋ ಇಟ್ಟಿರಬೇಕು, ಇಟ್ಟದ್ದು ಕಾಣಬಾರದು. ಎರಡನೆಯ ಓದಿನಲ್ಲೂ ಕೈಗೆ ಏನಾದರೂ ಸಿಗುವ ಪುಸ್ತಕವನ್ನು ಧೈರ್ಯವಾಗಿ ಗೆಳೆಯರಿಗೆ ಕೊಡು. ಕೊನೆ ತಿಳಿದ ಕೂಡಲೇ ಏನೂ ಉಳಿಯದ ಪುಸ್ತಕವನ್ನು ಒಂದು ಪ್ರಯಾಣಕ್ಕೆ ಆಗುತ್ತದೆ ಎಂದು ಹೇಳಿಯೇ ಕೊಡು, ಅದೂ ಬೇಕಾದದ್ದೇ.

ಪ್ರೇಮ ಕಾದಂಬರಿಗಳ ಬಗ್ಗೆಯೂ ಒಂದು ಮಾತು. ನಿನ್ನ ವಯಸ್ಸಿನ ಬರಹಗಾರರು ಅವನ್ನು ದೂರವಿಡುವುದನ್ನು ನೋಡಿದ್ದೇನೆ. ಪ್ರೇಮಿಗಳಿಬ್ಬರೂ ಕೊನೆಗೆ ಒಂದಾಗುತ್ತಾರೆ ಎಂದು ಓದುಗನಿಗೆ ಮೊದಲ ಪುಟದಲ್ಲೇ ಗೊತ್ತು. ಗೊತ್ತಿದ್ದೂ ಮುನ್ನೂರು ಪುಟ ಓದಿಸುವುದು ಸಣ್ಣ ವಿದ್ಯೆಯಲ್ಲ. ದಡ್ಡ ಲೇಖಕ ಇಬ್ಬರ ನಡುವೆ ಕಳೆದುಹೋದ ಕಾಗದವನ್ನೋ ಕೇಡಿಗ ಸಂಬಂಧಿಯನ್ನೋ ತಂದು ನಿಲ್ಲಿಸುತ್ತಾನೆ. ಬಲ್ಲವರು ಅಡ್ಡಿಯನ್ನು ಆ ಇಬ್ಬರ ಸ್ವಭಾವದಿಂದಲೇ ಹುಟ್ಟಿಸುತ್ತಾರೆ, ಅವಳ ಸ್ವಾಭಿಮಾನ, ಅವನ ಹೆದರಿಕೆ. ನಿನ್ನ ಗೆಳತಿ ಅಂಥ ಕಾದಂಬರಿಯೊಂದನ್ನು ಹೊಗಳಿದಾಗ ಮೂಗು ಮುರಿಯಬೇಡ. ಯಾವ ದೃಶ್ಯವನ್ನು ಎರಡು ಸಲ ಓದಿದೆ ಎಂದು ಕೇಳು. ಅವಳು ಹೇಳುವ ಆ ದೃಶ್ಯವನ್ನು ಹುಡುಕಿಕೊಂಡು ಹೋಗಿ ಓದು. ನಿನಗೆ ಇಡೀ ಪುಸ್ತಕ ಹಿಡಿಸದೇ ಹೋಗಬಹುದು, ಆದರೆ ಆ ಎರಡು ಪುಟಗಳಲ್ಲಿ ಯಾರೋ ಏನನ್ನೋ ಸರಿಯಾಗಿ ಮಾಡಿದ್ದಾರೆ.

ಯಾರಿಗೆ ಯಾವುದು ಎಂಬ ವಿವೇಕ ನಿಧಾನವಾಗಿ ಬರುತ್ತದೆ. ಶಾಲೆ ಬಿಟ್ಟ ಮೇಲೆ ಪುಸ್ತಕವನ್ನೇ ಮುಟ್ಟದವನಿಗೆ ನಿನ್ನ ಅತಿ ಪ್ರೀತಿಯ ಆರುನೂರು ಪುಟಗಳ ಕಾದಂಬರಿಯನ್ನು ಕೊಟ್ಟರೆ ಅವನು ನಿನ್ನಿಂದಲೇ ತಪ್ಪಿಸಿಕೊಂಡು ಓಡಾಡುತ್ತಾನೆ. ತೆಳ್ಳಗಿನದನ್ನು, ಚಿಕ್ಕ ಅಧ್ಯಾಯಗಳದ್ದನ್ನು ಕೊಡು. ಆಪ್ತರನ್ನು ಈಚೆಗೆ ಕಳೆದುಕೊಂಡವರಿಗೆ ಸಾವಿನಿಂದ ಶುರುವಾಗುವ ಕಥೆಯನ್ನು ಕೊಡುವ ಮುನ್ನ ಅದು ಸಾವಿನಿಂದ ಶುರುವಾಗುತ್ತದೆ ಎಂದು ತಿಳಿಸು, ಬೇಕೋ ಬೇಡವೋ ಅವರೇ ಹೇಳಲಿ. ಪುಸ್ತಕ ಕೊಟ್ಟ ಮರುದಿನ ‘ಎಲ್ಲಿಗೆ ಬಂತು?’ ಎಂದು ಕೇಳಬೇಡ. ಓದು ಬಾಕಿಯಿರುವ ಸಾಲದಂತೆ ಅವರ ತಲೆಯ ಮೇಲೆ ಕೂರಬಾರದು. ಎಲ್ಲರಿಗೂ ಒಂದೇ ಪುಸ್ತಕವನ್ನು ಹಂಚುತ್ತ ಹೋಗುವವರಿದ್ದಾರೆ, ಅವರು ಪುಸ್ತಕವನ್ನು ಪ್ರೀತಿಸುತ್ತಾರೆ, ಗೆಳೆಯರ ಮುಖವನ್ನು ನೋಡುವುದಿಲ್ಲ. ಬರೆಯುವವನಿಗೆ ಎರಡೂ ಬೇಕು.

ಪುಸ್ತಕ ಅರ್ಧಕ್ಕೇ ನಿಂತು ವಾಪಸು ಬಂದರೆ ಮುನಿಸಿಕೊಳ್ಳಬೇಡ. ಯಾವ ಪುಟಕ್ಕೆ ನಿಲ್ಲಿಸಿದೆ ಎಂದು ಕೇಳು. ಯಾಕೆ ಎಂದು ಕೇಳಿದರೆ ‘ಸಮಯ ಸಿಗಲಿಲ್ಲ’ ಎನ್ನುತ್ತಾರೆ, ನಿನ್ನ ಮನಸ್ಸು ನೋಯಿಸಲು ಅವರಿಗೆ ಇಷ್ಟವಿರುವುದಿಲ್ಲ. ಪುಟದ ಸಂಖ್ಯೆ ಹೇಳಲು ಯಾರಿಗೂ ಸಂಕೋಚವಿಲ್ಲ. ಆಮೇಲೆ ನೀನೊಬ್ಬನೇ ಕುಳಿತು ಆ ಪುಟಕ್ಕಿಂತ ಹತ್ತು ಪುಟ ಹಿಂದಿನಿಂದ ಓದು. ಹೆಚ್ಚಿನ ಸಲ ಅಲ್ಲಿ ಏನಾಗಿರುತ್ತದೆ ಗೊತ್ತೇ? ಹಿಂದಿನ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ, ಹೊಸ ಪ್ರಶ್ನೆ ಇನ್ನೂ ಹುಟ್ಟಿರುವುದಿಲ್ಲ. ನೀನು ಭಾಷೆಯ ಚೆಲುವಿನ ಬಲದಿಂದ ಆ ಜಾಗವನ್ನು ದಾಟಿದ್ದೆ, ಅವರಿಗೆ ದಾಟಲು ಏನೂ ಸಿಗಲಿಲ್ಲ.

ಪ್ರಾಮಾಣಿಕತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಡುವೆ ಎಳೆದಾಡುತ್ತದೆ ಎನಿಸಿದರೆ ‘ನಡುವೆ ಎಳೆದಾಡುತ್ತದೆ, ತಾಳಿಕೋ’ ಎಂದು ಹೇಳಿಯೇ ಕೊಡು. ಪರಿಚಿತರು ಬರೆದರು ಎಂಬ ಒಂದೇ ಕಾರಣಕ್ಕೆ ಯಾವ ಪುಸ್ತಕವನ್ನೂ ಶಿಫಾರಸು ಮಾಡಬೇಡ. ಗೆಳೆಯರು ನಿನ್ನ ಮಾತನ್ನು ನಂಬಿ ಕೆಲವು ಸಂಜೆಗಳನ್ನು ಒಂದು ಪುಸ್ತಕಕ್ಕೆ ಕೊಡುತ್ತಾರೆ. ಆ ನಂಬಿಕೆ ಒಮ್ಮೆ ಸವೆದರೆ ನಾಳೆ ನಿಜವಾದ ಒಳ್ಳೆಯ ಪುಸ್ತಕವೊಂದು ನಿನ್ನ ಕೈಗೆ ಬಂದಾಗ ಕೇಳುವವರು ಇರುವುದಿಲ್ಲ.

ಇದನ್ನೆಲ್ಲ ನಿನ್ನ ಕಾದಂಬರಿಗೆ ಹೇಗೆ ತಂದುಕೊಳ್ಳಬಹುದು ಎಂದರೆ, ಮೊದಲ ಕರಡು ಮುಗಿದ ಮೇಲೆ (ಅದಕ್ಕೂ ಮೊದಲು ಬೇಡ, ಬಾಯಲ್ಲಿ ಹೇಳಿ ಮುಗಿಸಿದ ಕಥೆಯನ್ನು ಬರೆಯುವ ಹಸಿವು ಎಷ್ಟೋ ಜನರಲ್ಲಿ ಉಳಿಯುವುದಿಲ್ಲ) ಅದನ್ನು ಬೇರೆ ಯಾರೋ ಬರೆದ ಪುಸ್ತಕ ಎಂಬಂತೆ ಒಬ್ಬ ಗೆಳೆಯನಿಗೆ ಹೇಳು. ನೀನು ತಾನಾಗಿ ಯಾವ ದೃಶ್ಯದಿಂದ ಹೇಳಲು ಶುರುಮಾಡುತ್ತೀಯೆ ಎಂಬುದನ್ನು ಗಮನಿಸು. ಅದು ಬರೆದದ್ದರಲ್ಲಿ ನಾಲ್ಕನೆಯ ಅಧ್ಯಾಯದಲ್ಲಿದ್ದರೆ, ಮೊದಲ ಮೂರು ಅಧ್ಯಾಯಗಳನ್ನು ಮತ್ತೆ ನೋಡು. ಹೇಳುವಾಗ ಯಾವ ಪಾತ್ರವನ್ನು ಮರೆತೆ ಎಂಬುದನ್ನೂ ಗುರುತುಹಾಕಿಕೋ. ಅವನು ‘ಆಮೇಲೆ?’ ಎಂದು ಕೇಳಿದ ಜಾಗಗಳನ್ನು ಅಂದೇ ರಾತ್ರಿ ಬರೆದಿಟ್ಟುಕೊಂಡು, ಕರಡಿನ ಆ ಪುಟಗಳನ್ನೂ ಜೊತೆಗೇ ಇಟ್ಟು ನನಗೆ ಕಳುಹಿಸು. ಇಡೀ ಹಸ್ತಪ್ರತಿಗಿಂತ ಮೊದಲು ನಾನು ಓದಬಯಸುವುದು ಅವನ್ನೇ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ